ಪೀಣ್ಯಕ್ಕೆ ಹೋದ ಜಾರುಬಂಡಿಯ ಪಟ್ಟಿಗಳು

ಕುಂದಲಹಳ್ಳಿಯಿಂದ ತಿಂಡಿಯನ್ನೂ ತಿನ್ನದೆ ಹೊರಟೆವು, ಅಮ್ಮ ಮತ್ತು ನಾನು. ಆ ರಾತ್ರಿಯೇ ನನ್ನ ವಿಮಾನ. ನಾನು ಆಡುವುದು ಲೂಜ್. ಮಂಜುಗಡ್ಡೆಯ ಕಾಲುವೆಯಲ್ಲಿ ಪುಟ್ಟ ಜಾರುಬಂಡಿಯ ಮೇಲೆ ಅಂಗಾತ ಮಲಗಿ ಇಳಿಯುವ ಸ್ಪರ್ಧೆ. ನಮ್ಮ ಕಡೆ ಮಂಜುಗಡ್ಡೆ ಕಾಣುವುದು ಕಬ್ಬಿನ ಹಾಲಿನ ಅಂಗಡಿಯಲ್ಲಿ ಮಾತ್ರ. ಹಾಗಾಗಿ ಬಂಡಿಗೆ ಚಕ್ರ ಕಟ್ಟಿ ಘಾಟಿ ರಸ್ತೆಯಲ್ಲಿ ಕಲಿತವಳು ನಾನು. ಈ ಸಲ ಸೋತರೆ ತಂಡದಲ್ಲಿ ಜಾಗವಿಲ್ಲ.

ಇಂಥ ಹೊತ್ತಿನಲ್ಲಿ ಅಮ್ಮ ಹಿಂದಿನ ಸಂಜೆ ನನಗೆ ಹೇಳದೆ ಬಂಡಿಗೆ ಹೊಸ ಕಾರಿನಂತೆ ಪೂಜೆ ಮಾಡಿದ್ದಳು. ಅರಿಶಿನ, ಕುಂಕುಮ ಹಚ್ಚಿ, ಅಡಿಯಲ್ಲಿ ಎರಡು ನಿಂಬೆಹಣ್ಣು ಇಟ್ಟು, ಬಂಡಿ ತಳ್ಳಿ ಒಡೆಸಿದ್ದಳು. ಆ ಹುಳಿ ರಾತ್ರಿಯಿಡೀ ಕೂತು, ಬಂಡಿ ಮಂಜುಗಡ್ಡೆಯ ಮೇಲೆ ಜಾರುವ, ಕನ್ನಡಿಯಂತಿದ್ದ ಉಕ್ಕಿನ ಪಟ್ಟಿಗಳ ಮೇಲೆ ಕಲೆ ಎದ್ದಿತ್ತು. ಉಗುರಿಗೆ ತರಿತರಿ ಸಿಗುತ್ತಿತ್ತು. ಅಷ್ಟು ತರಿ ಸಾಕು, ಬಂಡಿಯ ವೇಗ ಕುಗ್ಗಲು. ಸಿಟ್ಟು ನೆತ್ತಿಗೇರಿತು; ಅಮ್ಮನ ಮುಖ ನೋಡಿ ನುಂಗಿಕೊಂಡೆ.

ಪಟ್ಟಿಗಳನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ ಮೆಟ್ರೋಗೆ ಹೋದರೆ ತಪಾಸಣೆಯವಳು ತಡೆದಳು.

"ಏನ್ ಮೇಡಂ ಇದು, ಕತ್ತೀನಾ?"

"ಅಯ್ಯೋ, ನಮ್ ಹುಡುಗಿ ಆಟದ್ ಸಾಮಾನು ಕಣಮ್ಮಾ. ಮಲ್ಕೊಂಡು ಜಾರ್ತಾಳೆ," ಎಂದಳು ಅಮ್ಮ.

"ತಲೆ ಮುಂದೆ ಮಾಡ್ಕೊಂಡಾ?"

ಅಮ್ಮ ನನ್ನ ಮುಖ ನೋಡಿದಳು. ಇಷ್ಟು ವರ್ಷದಲ್ಲಿ ಹೆದರಿಕೆಗೆ ನನ್ನ ಒಂದು ವಿಡಿಯೋವನ್ನೂ ನೋಡಿದವಳಲ್ಲ.

"ಕಾಲು ಮುಂದೆ," ಎಂದೆ. ತಪಾಸಣೆಯವಳು ನಕ್ಕು ಒಳಗೆ ಬಿಟ್ಟಳು.

ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಿ ಪೀಣ್ಯದಲ್ಲಿ ಇಳಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ನಿಲ್ದಾಣದ ಕೆಳಗೆ ಇಡ್ಲಿ ತಿಂದೆವು. ಅಮ್ಮ ಅರ್ಧಕ್ಕೇ ಬಿಟ್ಟಳು. ಅವಳ ತಮ್ಮ, ನನ್ನ ಮಾವ, ಅಲ್ಲೇ ಪಾಲಿಶ್ ಶೆಡ್ ಇಟ್ಟಿದ್ದಾರೆ.

"ಕಲೆ ಹೋಗತ್ತೆ. ಗುಳಿ ಬಿದ್ದಿದ್ರೆ ಮಾತ್ರ ಕಷ್ಟ ಕಣೇ," ಎಂದರು ಮಾವ.

ಅವರು ಯಂತ್ರಕ್ಕೆ ಕೊಟ್ಟರು. ಕೊನೆಯ ನಯಕ್ಕೆ ನಾನೇ ಕೂತು ಉಜ್ಜಿದೆ. ಅಮ್ಮ ಸ್ಟೂಲಿನ ಮೇಲೆ ಸೆರಗು ಹಿಂಡುತ್ತ ಕೂತಿದ್ದಳು. ಮಧ್ಯಾಹ್ನದ ಹೊತ್ತಿಗೆ ಉಗುರು ಎಲ್ಲೂ ತಡೆಯಲಿಲ್ಲ. ಹೋದ ಜೀವ ಬಂದಂತಾಯಿತು.

ಹೊರಡುವಾಗ ಮಾವ ಅಭ್ಯಾಸಬಲದಿಂದ ಕುಂಕುಮದ ಡಬ್ಬಿಗೆ ಕೈ ಹಾಕಿದರು. "ಬೇಡ!" ಎಂದು ನನಗಿಂತ ಮೊದಲು ಕೂಗಿದವಳು ಅಮ್ಮ. ಆಮೇಲೆ ಮೆಲ್ಲಗೆ ತನ್ನ ಚೀಲದಿಂದ ಎರಡು ನಿಂಬೆಹಣ್ಣು ತೆಗೆದಳು.

"ಅಮ್ಮಾ, ಮತ್ತೆ ತಂದಿದೀಯಾ!"

"ಬಂಡಿಗಲ್ಲ ಕಣೇ." ಹಣ್ಣುಗಳನ್ನು ಹೊಸ್ತಿಲಾಚೆ ನೆಲಕ್ಕಿಟ್ಟಳು. "ಮುಂದೆ ಹೋಗೋದು ನಿನ್ ಕಾಲು ತಾನೆ? ತುಳ್ದು ಹೋಗು."

ಚಪ್ಪಲಿ ಬಿಟ್ಟು ಎರಡನ್ನೂ ಹಿಮ್ಮಡಿಯಲ್ಲಿ ತುಳಿದೆ. ನನಗೆ ಖುಷಿಯೋ ಖುಷಿ. ವಾಪಸು ರೈಲಿನಲ್ಲಿ ಪಾದಗಳಿಂದ ನಿಂಬೆಯ ಘಮ ಬರುತ್ತಿತ್ತು. ಯಶವಂತಪುರ ದಾಟಿದ ಮೇಲೆ ಅಮ್ಮ ಕನ್ನಡಕ ಹಾಕಿಕೊಂಡು ಕೈ ಚಾಚಿದಳು.

"ಫೋನ್ ಕೊಡು. ಹೆಂಗೆ ಜಾರ್ತೀಯಾ, ತೋರ್ಸು."