ಸುರುವಿಗೇ ಬರುವ ಪಾಯಸ

ಹತ್ತು ಜನರನ್ನು ಒಟ್ಟು ಸೇರಿಸಿ ಸಿನಿಮಾಕ್ಕೆ ಕರೆದುಕೊಂಡು ಹೋಗುವ ಕೆಲಸವನ್ನು ಇನ್ನು ಮೇಲೆ ಯಾರೂ ನನ್ನ ತಲೆಗೆ ಕಟ್ಟಬಾರದು. ಬೇಕಾದರೆ ನಿಮ್ಮ ಮಗಳಿಗೆ ಗಂಡು ಹುಡುಕಿ ಕೊಟ್ಟೇನು, ಪಂಚಾಯತಿನವರ ಬೆನ್ನು ಹಿಡಿದು ನೀರಿನ ಪೈಪು ಹಾಕಿಸಿ ಕೊಟ್ಟೇನು, ಇದು ಮಾತ್ರ ನನ್ನಿಂದಾಗದು. ಮಡಂತ್ಯಾರಿನ ನಮ್ಮ ಒಳರಸ್ತೆಯಲ್ಲಿ ಇರುವುದೇ ಏಳೆಂಟು ಮನೆ. ಮದುವೆ ಹಾಲ್‌ನಲ್ಲಿ ಎಲೆ ಹಾಕುವ ಹೊತ್ತಿಗೆ ಈ ಏಳೆಂಟು ಮನೆಯವರೂ ಮೊದಲ ಪಂಕ್ತಿಯಲ್ಲಿ ಕೂತಿರುತ್ತಾರೆ. ಅಲ್ಲಿ ಒಬ್ಬರಾದರೂ ತಡವಾದದ್ದನ್ನು ನಾನು ಕಂಡಿಲ್ಲ. ಅದೇ ಜನರನ್ನು ಸಿನಿಮಾಕ್ಕೆ ಹೊರಡಿಸಿ ನೋಡಿ, ಆಗ ನನ್ನ ಸಂಕಟ ಗೊತ್ತಾಗುತ್ತದೆ.

ನನಗೇನು ಸಿನಿಮಾದ ಹುಚ್ಚಿರಲಿಲ್ಲ. ನಾನು ಹೊರಟದ್ದು ಟೈಲರಕ್ಕನಿಗಾಗಿ. ನಮ್ಮ ರಸ್ತೆಯ ತಿರುವಿನಲ್ಲಿ ಒಂದು ಕೋಣೆ ಇಟ್ಟುಕೊಂಡು ಬ್ಲೌಸು ಹೊಲಿಯುವ ಇವರು ನನಗಿಂತ ಸಣ್ಣವರು, ಆದರೂ ಊರಿಗೆಲ್ಲ ಅಕ್ಕ. ನಮ್ಮನ್ನೂ ಅವರು ಅಕ್ಕ ಎಂದೇ ಕರೆಯುವುದು. ಇಪ್ಪತ್ತು ವರ್ಷದಿಂದ ಇಲ್ಲಿಯ ಹೆಂಗಸರ ಭುಜ, ತೋಳು ಎಲ್ಲ ಅಳೆದು, ಯಾರು ಎಷ್ಟು ದಪ್ಪ ಆದರೆಂದು ಬಾಯಿ ಬಿಡದೆ ಹೊಲಿಗೆ ಬಿಚ್ಚಿ ಸಡಿಲ ಮಾಡಿ ಕೊಟ್ಟವರು. ಗುರುವಾರ ಕೊಡುತ್ತೇನೆ ಎಂದು ಗುರುವಾರವೇ ಕೊಡುವ ಟೈಲರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಇವರು ಹಾಗೆ. ಆಗದಿದ್ದರೆ ಆಗುವುದಿಲ್ಲವೆಂದು ಮುಖಕ್ಕೇ ಹೇಳುತ್ತಾರೆ.

ಒಮ್ಮೆ ಅವರು ನೆರಿಯ ಊರಿನ ತವರುಮನೆಗೆ ಹೋಗಿದ್ದಾಗ ಪಕ್ಕದ ಮನೆಯ ಅಂಗಳದಲ್ಲಿ ಒಂದು ತುಳು ಸಿನಿಮಾದ ಶೂಟಿಂಗ್ ನಡೆಯುತ್ತಿತ್ತು. ನಿಶ್ಚಿತಾರ್ಥದ ಊಟದ ಸೀನು. ಬಡಿಸಲು ಜನ ಸಾಲದೆ, ಬೇಲಿಯ ಹತ್ತಿರ ನಿಂತು ನೋಡುತ್ತಿದ್ದ ಇವರನ್ನೇ ಕರೆದು ಕೈಗೆ ಪಾಯಸದ ಪಾತ್ರೆ ಕೊಟ್ಟರಂತೆ. ಹೀರೋನ ಎಲೆಗೆ ಪಾಯಸ ಬಡಿಸಬೇಕು, ಇನ್ನೊಂದು ಸೌಟು ಹಾಕುತ್ತೇನೆ, ಬೇಡ ಅನ್ನಬಾರದು ಎಂದು ಹೇಳಬೇಕು. ಅಷ್ಟೇ. ಆ ಒಂದು ಮಾತನ್ನು ಅವರು ಆಮೇಲೆ ನಮಗೆ ಯಾರಿಗೂ ಆಡಿ ತೋರಿಸಿದವರಲ್ಲ. ಸಿನಿಮಾ ಬಂದ ಮೇಲೆ ನಾನು ಬ್ಲೌಸು ತರಲು ಹೋದಾಗ, ಮಿಷನಿನ ಸೂಜಿಯ ಕಡೆಗೇ ನೋಡುತ್ತ ಹೇಳಿದರು:

"ನನ್ನದು ಸುರುವಿಗೇ ಬರ್ತದಂತೆ ಅಕ್ಕ, ಹೆಸರು ಹಾಕಿ ಆದ ಕೂಡ್ಲೆ. ನೀವೆಲ್ಲ ಒಟ್ಟಿಗೆ ಕೂತು ನೋಡಿದ್ರೆ ನನಗೆ ಅಷ್ಟೇ ಸಾಕು. ಅವತ್ತು ಉಟ್ಟ ನೇರಳೆ ಸೀರೆಯನ್ನೇ ಉಟ್ಕೊಂಡು ಬರ್ತೇನೆ, ಗುರ್ತ ಸಿಗ್ಲಿಕ್ಕೆ."

ಇಪ್ಪತ್ತು ವರ್ಷದಲ್ಲಿ ಅವರು ನಮ್ಮ ಹತ್ತಿರ ಕೇಳಿದ್ದು ಇದೊಂದೇ. ಆಯಿತು ಎಂದು ಧೈರ್ಯವಾಗಿ ಹೇಳಿ ಬಂದೆ. ಬೆಳ್ತಂಗಡಿಯ ಥಿಯೇಟರಿನಿಂದ ಆ ಸಿನಿಮಾ ಆಗಲೇ ತೆಗೆದಿದ್ದರು. ಮೂಡುಬಿದಿರೆಯಲ್ಲಿ ಸಂಜೆ ನಾಲ್ಕರ ಒಂದೇ ಆಟ ಉಳಿದಿತ್ತು, ಅದೂ ಗುರುವಾರದವರೆಗೆ ಮಾತ್ರ.

ರಸ್ತೆಯವರ ವಾಟ್ಸಾಪ್ ಗ್ರೂಪಿಗೆ ಭಾನುವಾರವೇ ಹಾಕಿದೆ. ಅರ್ಧ ಜನ ಹೆಬ್ಬೆರಳು ತೋರಿಸಿದರು. ಉಳಿದವರು "ನೋಡುವ" ಎಂದು ಬರೆದರು. ಹೊರಗಿನವರಿಗೆ ಇದರ ಮರ್ಮ ತಿಳಿಯದು. ನಮ್ಮ ಕಡೆ ಯಾರಿಗೂ ಇಲ್ಲ ಎಂದು ಹೇಳಿ ಅಭ್ಯಾಸವಿಲ್ಲ. ನಾವು ಮರ್ಯಾದಸ್ಥರು, ಆದ್ದರಿಂದ ನೋಡುವ ಎನ್ನುತ್ತೇವೆ. ಅಂದ ಮೇಲೆ ಆ ಕಡೆ ತಿರುಗಿಯೂ ನೋಡುವುದಿಲ್ಲ.

ಬ್ಯಾಂಕಿನ ಮ್ಯಾನೇಜರಾಗಿ ರಿಟೈರಾದ ಮೂಲೆಮನೆಯವರು ಹೆಬ್ಬೆರಳನ್ನೂ ತೋರಿಸಲಿಲ್ಲ. ತಮಗೆ ಸರಿಯಾದ ಹೇಳಿಕೆಯೇ ಬಂದಿಲ್ಲ, ಮನೆಗೆ ಬಂದು ಕರೆಯದೆ ಮೊಬೈಲಿನಲ್ಲಿ ಬಂದದ್ದು ಹೇಳಿಕೆ ಆಗುತ್ತದಾ ಎಂದು ನನ್ನ ಗಂಡನ ಹತ್ತಿರ ಬೇಸರ ಮಾಡಿಕೊಂಡರಂತೆ. ಕೇಳಿ ನನಗೆ ಮೈಯೆಲ್ಲ ಉರಿಯಿತು. ಸಿನಿಮಾಕ್ಕೆ ಕರೆಯಲು ಅಕ್ಷತೆ ಹಿಡಿದುಕೊಂಡು ಹೋಗಬೇಕಿತ್ತೇ? ಆದರೂ ಟೈಲರಕ್ಕನ ಮುಖ ನೆನೆದು ಮನೆಮನೆ ಹತ್ತಿ ಇಳಿದೆ. ಹೋದಲ್ಲೆಲ್ಲ ಚಾ. ಕುಡಿಯದೆ ಎದ್ದರೆ ಅದಕ್ಕೊಂದು ಬೇಸರ. ಮ್ಯಾನೇಜರು ತಮ್ಮ ಕಾಲದಲ್ಲಿ ಸಿನಿಮಾಗಳು ಹೇಗಿದ್ದವೆಂದು ಒಂದು ಗಂಟೆ ವಿವರಿಸಿ, ಕೊನೆಗೆ, ನೀವು ಇಷ್ಟು ಒತ್ತಾಯ ಮಾಡಿದ ಮೇಲೆ ಬರದಿದ್ದರೆ ಹೇಗೆ ಎಂದು ನನ್ನ ಮೇಲೆಯೇ ಉಪಕಾರ ಹೊರಿಸಿ ಕಳಿಸಿದರು.

ಇನ್ನು ದಿನ. ಸೋಮವಾರ ಒಬ್ಬರ ನೆಂಟರಲ್ಲಿ ಭೂತದ ಕೋಲ, ಮಂಗಳವಾರ ಮ್ಯಾನೇಜರಿಗೆ ಶುಗರ್ ಟೆಸ್ಟು. ಬುಧವಾರ ಎದುರುಮನೆಯ ಸಾಹೇಬರಿಗೆ ಫರಂಗಿಪೇಟೆಯಲ್ಲಿ ಭಾವನ ಹೊಸಮನೆಯ ಊಟ. ಸಾಹೇಬರನ್ನು ಬಿಟ್ಟು ಹೋಗುವ ಹಾಗಿರಲಿಲ್ಲ, ಏಕೆಂದರೆ ವ್ಯಾನು ಅವರದು. ಗಲ್ಫಿನಲ್ಲಿ ಬಹಳ ವರ್ಷ ದುಡಿದು ಬಂದು ಮಡಂತ್ಯಾರಿನಲ್ಲಿ ಚಪ್ಪಲಿ ಅಂಗಡಿ ಹಾಕಿದವರು. ಮನುಷ್ಯ ಒಳ್ಳೆಯವರು, ಆದರೆ ಯಾವ ಮಾತು ತೆಗೆದರೂ ದುಬೈಗೆ ಹೋಗಿ ನಿಲ್ಲಿಸುತ್ತಾರೆ. ಅಲ್ಲಿಯ ಥಿಯೇಟರಿನಲ್ಲಿ ಹೊತ್ತಿಗೆ ಸರಿಯಾಗಿ ಬಾಗಿಲು ಹಾಕುತ್ತಾರೆ, ನಮ್ಮವರಿಗೆ ಶಿಸ್ತೇ ಇಲ್ಲ ಎಂದು ನನಗೆ ಪಾಠ ಹೇಳಿದರು. ನನ್ನ ಗಂಡ ಮಾತ್ರ ಮೊದಲ ದಿನದಿಂದ ಒಂದೇ ರಾಗ: ಹೇಗೂ ನಾಲ್ಕು ತಿಂಗಳಲ್ಲಿ ಟೀವಿಯಲ್ಲಿ ಬರುತ್ತದಲ್ಲ. ಹೀಗೆ ಗುಡ್ಡೆ ಹತ್ತಿ ಇಳಿದು ಕಡೆಗೆ ಕೊನೆಯ ದಿನವಾದ ಗುರುವಾರಕ್ಕೇ ಬಂದು ನಿಂತೆವು.

ಹೊರಡುವ ಹೊತ್ತನ್ನು ಎಲ್ಲರಿಗೂ ಒಂದು ಗಂಟೆ ಎಂದು ಹೇಳಿದೆ. ನಿಜವಾಗಿ ಎರಡಕ್ಕೆ ಹೊರಟರೆ ಸಾಕಿತ್ತು. ನಮ್ಮಲ್ಲಿ ಯಾವ ಕಾರ್ಯಕ್ರಮಕ್ಕೂ ಹೀಗೆಯೇ, ಒಂದು ಗಂಟೆ ಮೊದಲು ಹೇಳುವುದು ಕ್ರಮ. ಮೊದಲು ಹೇಳಿರುತ್ತಾರೆಂದು ಲೆಕ್ಕ ಹಾಕಿ ಎರಡು ಗಂಟೆ ತಡವಾಗಿ ಬರುವುದೂ ಕ್ರಮವೇ. ನನ್ನ ಸುಳ್ಳನ್ನು ನಂಬಿದ್ದು ಟೈಲರಕ್ಕ ಒಬ್ಬರೇ. ಒಂದು ಗಂಟೆಗೆ ನೇರಳೆ ಸೀರೆ ಉಟ್ಟು, ತಲೆಗೆ ಒಂದು ತುಂಡು ಮಲ್ಲಿಗೆ ಮುಡಿದು ವ್ಯಾನಿನ ಪಕ್ಕದ ಬಿಸಿಲಿನಲ್ಲಿ ನಿಂತಿದ್ದರು. ಗಂಡ ಊಟ ಮಾಡಿ ಗೊರಕೆ ಹೊಡೆಯುತ್ತಿದ್ದರು. ಸಾಹೇಬರು ಅಂಗಡಿಯಿಂದಲೇ ಬಂದಿರಲಿಲ್ಲ. ಮ್ಯಾನೇಜರ ಮನೆಯಲ್ಲಿ ಆಗಷ್ಟೇ ಅನ್ನಕ್ಕೆ ಇಟ್ಟಿದ್ದರು.

ಎರಡಾಯಿತು. ಅಷ್ಟರಲ್ಲಿ, ಹತ್ತು ಜನ ಬರುತ್ತೇವೆಂದು ನಾನು ಮೊದಲೇ ಹೇಳಿಟ್ಟಿದ್ದ ಥಿಯೇಟರಿನಿಂದ ನನಗೆ ಫೋನು. ಈವರೆಗೆ ಒಬ್ಬರೂ ಟಿಕೆಟ್ ತೆಗೆದುಕೊಂಡಿಲ್ಲ, ಹತ್ತು ಜನ ಆಗದಿದ್ದರೆ ಆಟ ಹಾಕುವುದಿಲ್ಲ, ನೀವು ಬರುವುದು ಖಂಡಿತವಾ ಎಂದು ಕೇಳಿದರು. ಪಕ್ಕದಲ್ಲಿದ್ದ ಟೈಲರಕ್ಕನಿಗೂ ಅದು ಕೇಳಿಸಿತು. ಕೂಡಲೇ ಅವರು, ನಾನು ಮೊದಲು ಬಸ್ಸಿನಲ್ಲಿ ಹೋಗಿ ಹತ್ತೂ ಟಿಕೆಟ್ ತೆಗೆದಿಡುತ್ತೇನೆ, ನೀವು ಹಿಂದಿನಿಂದ ಬನ್ನಿ ಎಂದರು. ಬೇಡ ಎನ್ನುವಷ್ಟರಲ್ಲಿ ಬಸ್ಸು ಬಂತು, ಹತ್ತಿಯೇ ಬಿಟ್ಟರು.

ನಾವು ಹೊರಟಾಗ ಮೂರು. ಇನ್ನೂ ಹಿಡಿಯಬಹುದಿತ್ತು. ಅರ್ಧ ದಾರಿಯಲ್ಲಿ ಶಿಸ್ತಿನ ಸಾಹೇಬರು ಒಂದು ಹೋಟೆಲಿನ ಮುಂದೆ ವ್ಯಾನು ನಿಲ್ಲಿಸಿದರು. ಅಲ್ಲಿಯ ಬನ್ಸ್ ತಿನ್ನದೆ ಹೋದರೆ ಈ ದಾರಿಯಲ್ಲಿ ಬಂದದ್ದಕ್ಕೆ ಅರ್ಥವಿಲ್ಲವಂತೆ. ನಾನು ಸೀಟಿನಿಂದ ಏಳಲಿಲ್ಲ. ಸಾಹೇಬರ ಹೆಂಡತಿಯೂ ಏಳದೆ ಗಂಡನ ಬೆನ್ನನ್ನು ಸುಡುವ ಹಾಗೆ ನೋಡುತ್ತ ಕೂತರು. ಉಳಿದವರೆಲ್ಲ ಇಳಿದರು. ಬನ್ಸ್ ಬಿಸಿಯಿರಲಿಲ್ಲವೆಂದು ಮ್ಯಾನೇಜರು ಹೊಸದಾಗಿ ಕಾಯಿಸಲು ಹೇಳಿದರು. ನನ್ನ ಗಂಡ ಕಿಟಕಿಯ ಹತ್ತಿರ ಬಂದು, ಸುರುವಿನಲ್ಲಿ ಹೇಗೂ ಜಾಹೀರಾತು ಇರ್ತದೆ ಮಾರಾಯ್ತಿ, ನಿನಗೆ ಒಂದು ತರಲಾ ಎಂದರು. ನಾನು ಕಿಟಕಿಯ ಗಾಜು ಎಳೆದು ಹಾಕಿದೆ. ಉತ್ತರ ಕೊಟ್ಟಿದ್ದರೆ ಅದು ಇಲ್ಲಿ ಬರೆಯುವ ಹಾಗಿರುತ್ತಿರಲಿಲ್ಲ.

ಮೂಡುಬಿದಿರೆಯ ಥಿಯೇಟರಿನೊಳಗೆ ನಾವು ಮೊಬೈಲಿನ ಬೆಳಕು ಹಿಡಿದು ದನಗಳ ಮಂದೆಯ ಹಾಗೆ ನುಗ್ಗಿದಾಗ, ಹೀರೋ ಆಗಲೇ ಯಾರಿಗೋ ಹೊಡೆಯುತ್ತಿದ್ದ. ಅಷ್ಟು ದೊಡ್ಡ ಹಾಲಿನ ನಡುವಿನಲ್ಲಿ ಟೈಲರಕ್ಕ ಒಬ್ಬರೇ ಕೂತಿದ್ದರು. ಪಕ್ಕದ ಕುರ್ಚಿಗಳ ಮೇಲೆ ನಮಗಾಗಿ ಕರ್ಚೀಫು, ಕೊಡೆ, ಚೀಲ ಇಟ್ಟಿದ್ದರು, ಯಾರೂ ಬಂದು ಕೂರದ ಹಾಗೆ. ಯಾರಿದ್ದರು ಬರಲು? ಮ್ಯಾನೇಜರು ಕತ್ತಲೆಯಲ್ಲಿ ದೊಡ್ಡ ಸ್ವರದಲ್ಲಿ, ನಿಮ್ಮದು ಆಯ್ತಾ ಎಂದು ಕೇಳಿದರು.

"ಇಲ್ಲ, ಇನ್ನೂ ಉಂಟು," ಎಂದರು ಟೈಲರಕ್ಕ. "ಕೂತ್ಕೊಳ್ಳಿ."

ಅಬ್ಬಾ, ಬದುಕಿದೆ ಎಂದುಕೊಂಡೆ. ಬಹುಶಃ ಸುರುವಿಗೆ ಬರುವುದನ್ನು ಆಮೇಲಕ್ಕೆ ಹಾಕಿದ್ದಾರೆ, ಸಿನಿಮಾದವರು ಏನು ಬೇಕಾದರೂ ಮಾಡುತ್ತಾರೆ. ಮತ್ತೆ ನಡೆದದ್ದನ್ನು ನಾನೇ ಕಾಣದಿದ್ದರೆ ನಂಬುತ್ತಿರಲಿಲ್ಲ. ಸಿನಿಮಾದ ನಡುವೆ ಎದ್ದು ಹೋಗುವ, ಫೋನಿನಲ್ಲಿ ಅಡಿಕೆಯ ರೇಟು ಕೇಳುವ, ನಿದ್ದೆ ಮಾಡುವ ನಮ್ಮ ಜನ ಅವತ್ತು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಸಾಹೇಬರು ಫೋನನ್ನೇ ಬಂದ್ ಮಾಡಿದರು. ನನ್ನ ಗಂಡ ಇಂಟರ್‌ವಲ್ಲಿನಲ್ಲಿ ಓಡಿ ಹೋಗಿ ಓಡಿ ಬಂದರು. ಎಲ್ಲಾದರೂ ಗುಂಪು ಕಂಡರೆ ಎಲ್ಲರೂ ಮುಂದಕ್ಕೆ ಬಾಗಿ ಹುಡುಕುತ್ತಿದ್ದರು.

ಕೊನೆಯ ಹೊತ್ತಿಗೆ ಒಂದು ಮದುವೆ ಊಟದ ಸೀನು ಬಂತು. ಹೆಂಗಸೊಬ್ಬರು ಪಾತ್ರೆ ಹಿಡಿದು ಸಾಲಿನಲ್ಲಿ ಬಗ್ಗಿ ಬಡಿಸುತ್ತ ಹೋದರು. ಅಗೋ ಅಗೋ ಎಂದು ಮ್ಯಾನೇಜರು ಎದ್ದೇ ನಿಂತರು. ನಮ್ಮ ಸಾಲಿಗೆ ಸಾಲೇ ಚಪ್ಪಾಳೆ ತಟ್ಟಿತು, ಸಾಹೇಬರು ಶಿಳ್ಳೆಯನ್ನೂ ಹಾಕಿದರು. ನಾನೂ ಕೈ ನೋಯುವಷ್ಟು ತಟ್ಟಿದೆ. ನೋಡಿದರೆ ಟೈಲರಕ್ಕನೂ ನಗುತ್ತ ನಮ್ಮ ಜೊತೆ ತಟ್ಟುತ್ತಿದ್ದರು. ಅವರಿಗೂ ಎಷ್ಟು ಖುಷಿಯಾಯಿತು ನೋಡು ಎಂದುಕೊಂಡೆ.

ಸಿನಿಮಾ ಮುಗಿದು ಲೈಟು ಹಾಕಿದರು. ನನ್ನ ಪಕ್ಕದಲ್ಲಿ ಟೈಲರಕ್ಕ ಸೆರಗು ಸರಿ ಮಾಡಿಕೊಂಡು ಎದ್ದರು. ನೇರಳೆ ಸೀರೆ. ಪರದೆಯ ಮೇಲೆ ಬಡಿಸಿದ ಹೆಂಗಸು ಉಟ್ಟದ್ದು ಹಸಿರು. ಅವಳು ಟೈಲರಕ್ಕನಿಗಿಂತ ಎತ್ತರ, ಕೂದಲೂ ಬೇರೆ. ಗುರ್ತ ಸಿಗಲೆಂದು ಅದೇ ಸೀರೆ ಉಟ್ಟು ನಮ್ಮ ನಡುವೆಯೇ ಅವರು ಕೂತಿರುವಾಗ ನಾವು ಯಾರಿಗೋ ಚಪ್ಪಾಳೆ ತಟ್ಟಿದ್ದೆವು.

ಬಾಗಿಲಿನಲ್ಲಿ ಟಿಕೆಟ್ ಹರಿಯುವವನು ಅವರನ್ನು ಕಂಡು ನಕ್ಕ.

"ನಾನು ಇಲ್ಲೇ ನಿಂತು ನೋಡಿದೆ ಅಕ್ಕ, ಭಾರಿ ಲಾಯ್ಕ ಆಗಿದೆ. ಆಗ ಪರದೆಯಲ್ಲೂ ನೀವೇ, ಕುರ್ಚಿಯಲ್ಲೂ ನೀವೊಬ್ಬರೇ."

ಟೈಲರಕ್ಕ ಥಟ್ಟನೆ ವ್ಯಾನಿನ ಕಡೆ ನೋಡಿದರು. ಉಳಿದವರೆಲ್ಲ ಆಗಲೇ ಒಳ್ಳೆಯ ಸೀಟು ಹಿಡಿಯಲು ಹೋಗಿದ್ದರು. ಅಲ್ಲಿಗೆ ಮಾತ್ರ ಯಾರೂ ತಡ ಮಾಡಲಿಲ್ಲ. ಹಾಗಾದರೆ ಇನ್ನೂ ಉಂಟು ಎಂದು ನಮಗೆ ಯಾಕೆ ಹೇಳಿದಿರಿ ಎಂದು ಕೇಳಿದೆ.

"ಆಯ್ತು ಅಂತ ಹೇಳಿದ್ರೆ ನೀವೆಲ್ಲ ಎದ್ದು ಹೋಗ್ತಿದ್ರಿ ಅಕ್ಕ," ಎಂದರು. ಯಾರಿಗೂ ಹೇಳಬೇಡಿ ಎಂದು ಕೈಸನ್ನೆಯಲ್ಲೇ ತೋರಿಸಿದರು.

ವ್ಯಾನಿನಲ್ಲಿ ದಾರಿಯುದ್ದಕ್ಕೂ ಅವರ ನಟನೆಯದೇ ಮಾತು. ನಡೆದ ಗತ್ತೇನು, ಬಗ್ಗಿ ಬಡಿಸಿದ ಚಂದವೇನು. ಕ್ಯಾಮೆರಾದಲ್ಲಿ ನೀವು ಸ್ವಲ್ಪ ಎತ್ತರ ಕಾಣ್ತೀರಿ ಎಂದು ನನ್ನ ಗಂಡ ಹೇಳಿದರು. ಇಳಿಯುವಾಗ ಮ್ಯಾನೇಜರು ಎಲ್ಲರ ಪರವಾಗಿ ಒಂದು ಸಣ್ಣ ಭಾಷಣವನ್ನೇ ಮಾಡಿದರು. ಇನ್ನೊಂದು ಸಿನಿಮಾದಲ್ಲಿ ಅವಕಾಶ ಸಿಕ್ಕಿದರೆ ಮೊದಲೇ ಹೇಳಬೇಕು, ನಾವೆಲ್ಲ ಹೀಗೆಯೇ ಒಟ್ಟಿಗೆ ಬಂದು ನೋಡುತ್ತೇವೆ, ಏನಂತೀರಿ ಎಂದು ಕೇಳಿದರು.

ಟೈಲರಕ್ಕ ತಲೆಯಿಂದ ಬಾಡಿದ ಮಲ್ಲಿಗೆ ತೆಗೆದು ಚೀಲಕ್ಕೆ ಹಾಕಿಕೊಂಡರು.

"ನೋಡುವ," ಎಂದರು.