ಏಕಾದಶಿಯ ಒಂದು ಗುಟುಕು ನೀರು

ನನ್ನ ಹೆಂಡತಿ ಹಾಡುತ್ತಿದ್ದಳು. ದೊಡ್ಡ ಸಭೆಗಳಲ್ಲಿ ಅಲ್ಲ. ದೇಶ ಬಿಟ್ಟು ಬಂದು ನಾವು ನೆಲೆಸಿದ್ದ ವಾನ್‌ನಲ್ಲಿ ಪರಿಚಿತರೊಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ಪ್ರತಿ ಶನಿವಾರ ಸಂಜೆ ಇಪ್ಪತ್ತು ಮೂವತ್ತು ಜನ ಸೇರಿ ನಡೆಸುತ್ತಿದ್ದ ಭಜನೆಯಲ್ಲಿ. ಮೊದಲ ದೇವರನಾಮ ಎಂದಿಗೂ ಅವಳದೇ. ಭಜನೆ ಮುಗಿದ ಬಳಿಕ ಅರ್ಧ ಗಂಟೆ ನಾನು ಶಾಸ್ತ್ರದ ವಿಚಾರ ಹೇಳುತ್ತಿದ್ದೆ. ಬಾಲ್ಯದಲ್ಲಿ ಗುರುಗಳ ಬಳಿ ಕುಳಿತು ಸಂಸ್ಕೃತ ಓದಿದವನೆಂದು ಜನ ನನ್ನ ಮಾತಿಗೆ ಬೆಲೆ ಕೊಡುತ್ತಿದ್ದರು. ಆ ಬೆಲೆಯೇ ಮುಂದೆ ನನ್ನ ಕೊರಳಿಗೆ ಸುತ್ತಿಕೊಂಡಿತು.

ಅವಳ ಉಬ್ಬಸ ಹಳೆಯದು. ಧಾರವಾಡದಲ್ಲಿ ಕಟ್ಟಿಗೆಯ ಒಲೆಯ ಮುಂದೆ ಕಳೆದ ವರ್ಷಗಳು ಶ್ವಾಸನಾಳಗಳನ್ನು ಶಾಶ್ವತವಾಗಿ ಕಿರಿದು ಮಾಡಿರಬಹುದೆಂದು ಇಲ್ಲಿಯ ವೈದ್ಯೆ ಹೇಳಿದರು. 2015ರ ಚಳಿಗಾಲದಲ್ಲಿ ಎರಡು ಬಾರಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಆಮೇಲೆ ಬೆಳಿಗ್ಗೆ ಸಂಜೆ ಸೇದಲು ಸ್ಟೀರಾಯ್ಡ್ ಬೆರೆತ ಪಫರು, ಅಂದರೆ ಇನ್ಹೇಲರು, ಬಂತು. ಉಸಿರುಗಟ್ಟಿದಾಗ ತಕ್ಷಣ ನಾಳ ತೆರೆಯುವ ನೀಲಿ ಪಫರು ಬೇರೆ. ಈ ಸ್ಟೀರಾಯ್ಡ್ ಪಫರು ಒಳಗಿನ ಉರಿಯೂತವನ್ನು ದಿನದಿನವೂ ಅಡಗಿಸಿಡುವಂಥದು. ಇದರಿಂದ ಪದೇ ಪದೇ ಕಾಯಿಲೆ ಉಲ್ಬಣಿಸುವುದು ತಪ್ಪುತ್ತದೆ ಎಂದು ವೈದ್ಯೆ ವಿವರಿಸಿದರು. ಮರೆಮಾಚದೆ ಕೇಡುಗಳನ್ನೂ ಹೇಳಿದರು: ಬಾಯಲ್ಲಿ ಬಿಳಿಯ ಬೂಷ್ಟು ಕಟ್ಟಬಹುದು, ದನಿ ಒಡೆಯಬಹುದು, ಕೆಲವರಿಗೆ ನ್ಯುಮೋನಿಯಾ ತಗಲುವ ಸಂಭವವೂ ತುಸು ಹೆಚ್ಚು. ಆದ್ದರಿಂದ ಪ್ರತಿ ಬಾರಿ ಸೇದಿದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳಬೇಕು. ಮಗಳು ಅದನ್ನು ಕನ್ನಡದಲ್ಲಿ ಬರೆದು ಬಚ್ಚಲ ಕನ್ನಡಿಗೆ ಅಂಟಿಸಿದಳು.

ಮುಂದಿನ ಚಳಿಗಾಲ ನಾವು ಆಸ್ಪತ್ರೆಯ ಮುಖ ನೋಡಲಿಲ್ಲ. ಅವಳು ನಡುವೆ ನಿಲ್ಲದೆ ಮೆಟ್ಟಿಲು ಹತ್ತಿದಳು. ದೇವರನಾಮದ ಉದ್ದದ ಚರಣವನ್ನು ಒಂದೇ ಉಸಿರಿನಲ್ಲಿ ಹಾಡಿ ಮುಗಿಸಿದ ದಿನ, ನನ್ನ ಕಡೆ ತಿರುಗಿ ಎಳೆಯ ಹುಡುಗಿಯಂತೆ ಹುಬ್ಬೇರಿಸಿದಳು. ಆ ಔಷಧಕ್ಕೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಆದರೆ ನಮ್ಮ ಮನೆಯಲ್ಲಿ ಏಕಾದಶಿ ನಿರ್ಜಲ. ಪಫರಿನಿಂದ ಬರುವುದು ಗಾಳಿ, ಅದಕ್ಕೆ ದೋಷವಿಲ್ಲ. ಮುಕ್ಕಳಿಸಿದರೆ ಒಂದು ಹನಿಯಾದರೂ ಗಂಟಲಿಗೆ ಇಳಿದೀತು ಎಂಬುದು ಅವಳ ನಿರ್ಣಯ. ಏಕಾದಶಿಯ ಎರಡು ಹೊತ್ತು, ದ್ವಾದಶಿಯ ಬೆಳಗು ಪಾರಣೆಗೆ ಮುನ್ನ ಇನ್ನೊಂದು ಹೊತ್ತು, ಅವಳು ಸೇದಿ ಹಾಗೆಯೇ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದಳು. ವಯಸ್ಸಾದಂತೆ ಅವಳ ವ್ರತಗಳೂ ಹೆಚ್ಚಿದವು, ಮುಕ್ಕಳಿಸದ ದಿನಗಳೂ ಹೆಚ್ಚಿದವು.

ನೀರಿನಿಂದಲೂ ಔಷಧದಿಂದಲೂ ವ್ರತಭಂಗವಿಲ್ಲವೆಂದು ಹಿರಿಯರು ಹೇಳಿರುವುದು ನನಗೆ ತಿಳಿದಿತ್ತು. ಹೇಳಲಿಲ್ಲ. ಹೇಳದಿದ್ದುದಷ್ಟೇ ಅಲ್ಲ, ಒಂದು ಶನಿವಾರ ಉಪವಾಸದ ಮಹಿಮೆ ವಿವರಿಸುವಾಗ ಅವಳನ್ನೇ ಉದಾಹರಣೆ ಕೊಟ್ಟೆ. ಇಂಥ ಕಾಯಿಲೆಯಲ್ಲೂ ನಮ್ಮ ಮನೆಯವಳು ಏಕಾದಶಿಯಂದು ಬಾಯಿಗೆ ಹನಿ ನೀರು ತಾಗಿಸುವುದಿಲ್ಲ ಎಂದೆ. ಎಲ್ಲರೂ ಅವಳ ಕಡೆ ನೋಡಿದರು. ಅವಳು ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡಳು.

2018ರ ಬೇಸಿಗೆಯಲ್ಲಿ ಅವಳ ದನಿ ಒಡೆಯಿತು. ನಾಲಿಗೆಯ ಮೇಲೆ ಮೊಸರಿನ ಕೆನೆಯಂಥ ಪದರ, ಊಟ ರುಚಿಸದು. ಮೇಲಿನ ಸ್ವರಕ್ಕೆ ಹೋದರೆ ಕೇವಲ ಗಾಳಿ ಹೊರಡುತ್ತಿತ್ತು. ವೈದ್ಯೆಗೆ ತೋರಿಸೋಣವೆಂದು ಮಗಳು ಎಷ್ಟು ಹೇಳಿದರೂ ಅವಳು ಒಪ್ಪಲಿಲ್ಲ. ನವರಾತ್ರಿಯ ಒಂಬತ್ತು ದಿನವೂ ಭಜನೆಯಲ್ಲಿ ಬೇರೆಯವರು ಮೊದಲ ಹಾಡು ಹಾಡಿದರು. ಅವಳು ಹಿಂದೆ ಕುಳಿತು ತಾಳ ಹಾಕಿದಳು.

ಅನಂತರ ಅವಳು ಯಾರಿಗೂ ಹೇಳದೆ ಪಫರು ಬಿಟ್ಟಳು. ನಮಗದು ತಿಳಿದದ್ದು ಕಾರ್ತಿಕದಲ್ಲಿ, ನೆಗಡಿ ಎದೆಗಿಳಿದು ಆಂಬುಲೆನ್ಸ್ ಕರೆಸಿದ ದಿನ. ಉಳಿದ ಡೋಸುಗಳ ಸಂಖ್ಯೆ ಪಫರಿನ ಮೇಲಿನ ಸಣ್ಣ ಕಿಂಡಿಯಲ್ಲಿ ಕಾಣುತ್ತದೆ. ಆಸ್ಪತ್ರೆಯಲ್ಲಿ ಮಗಳು ಅದನ್ನು ಚೀಲದಿಂದ ತೆಗೆದು ನೋಡಿ ನನ್ನ ಕೈಗಿಟ್ಟಳು.

"ಅಪ್ಪಾ, ದಸರಾಕ್ಕ ನಾನು ರೀಫಿಲ್ ತಂದಾಗ ಅರವತ್ತಿತ್ತು. ಈಗೂ ಅರವತ್ತಽ ಅದ."

ಎರಡೂ ಶ್ವಾಸಕೋಶಗಳಲ್ಲಿ ನ್ಯುಮೋನಿಯಾ ಇತ್ತು. ಔಷಧ ಬಿಟ್ಟದ್ದರಿಂದ ಆಯಿತೋ, ಅಷ್ಟು ಕಾಲ ಸೇದಿದ್ದರಿಂದಲೋ, ಬರೀ ಸೋಂಕಿನಿಂದಲೋ ಎಂದು ಕೇಳಿದೆ. ಬೇರ್ಪಡಿಸಿ ಹೇಳಲಾಗದು ಎಂದರು ವೈದ್ಯೆ. ಬಾಯಿಯ ಬೂಷ್ಟಿಗೆ ಸುಲಭದ ಔಷಧವಿತ್ತು, ಪಫರನ್ನು ಬದಲಿಸಬಹುದಿತ್ತು, ಒಮ್ಮೆ ಬಂದು ಕೇಳಿದ್ದರೆ ಸಾಕಿತ್ತು ಎಂದೂ ಹೇಳಿದರು. ಅವರ ದನಿಯಲ್ಲಿ ಆಕ್ಷೇಪವಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಆಮ್ಲಜನಕದ ನಳಿಗೆ ಮೂಗಿನಲ್ಲಿರುವಾಗಲೇ ಅವಳಿಗೆ ಹೇಳಿದೆ, ಮುಕ್ಕಳಿಸಿದ್ದರೆ ದೋಷವಿರಲಿಲ್ಲ, ನನಗೆ ಮೊದಲಿನಿಂದಲೂ ಗೊತ್ತಿತ್ತು ಎಂದು. ಅವಳು ನಳಿಗೆಯನ್ನು ತುಸು ಸರಿಸಿಕೊಂಡಳು.

"ಗೊತ್ತಿತ್ತು ಅಂದ್ರ ಹೇಳಬೇಕಿಲ್ಲೇನ್ರೀ? ಅಷ್ಟು ಮಂದಿ ಮುಂದ ಹೊಗಳಿಬಿಟ್ರಿ. ಆಮ್ಯಾಲೆ ನಾ ಹೆಂಗ ನೀರು ಮುಟ್ಟಲಿ?"

ಮನೆಗೆ ಬಂದ ಮೇಲೆ ಪಫರು ಬದಲಾಯಿತು. ಏಕಾದಶಿಯಂದು ನಾನೇ ಲೋಟದಲ್ಲಿ ನೀರು ತಂದು ಬಚ್ಚಲ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅವಳು ಮುಕ್ಕಳಿಸಿ ಉಗುಳಿ, ಲೋಟವನ್ನು ನನ್ನ ಕೈಗೆ ಮರಳಿಸಿ, "ಪಾಪ ಬಂದ್ರ ನಿಮಗಽ ಬರಲಿ" ಎನ್ನುತ್ತಿದ್ದಳು. ಅದು ಅವಳ ತಮಾಷೆ. ಬಾಯಿ ಗುಣವಾಯಿತು. ಶ್ವಾಸಕೋಶಗಳು ಮಾತ್ರ ಮೊದಲಿನಂತಾಗಲಿಲ್ಲ. ಕೆಳಗಿನ ಶ್ರುತಿಯಲ್ಲಿ ಎರಡು ಸಾಲು ಗುನುಗಿ ನಿಲ್ಲಿಸಿಬಿಡುತ್ತಿದ್ದಳು. ಭಜನೆಯವರ ಮುಂದೆ ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದೆ. ಈ ವಾರ ಹಿಮ, ಮುಂದಿನ ವಾರ ಅವಳಿಗೆ ಆಯಾಸ ಎಂದು ಮುಂದೂಡುತ್ತ ಬಂದೆ. 2019ರ ಚೈತ್ರದಲ್ಲಿ ಅವಳು ತೀರಿಕೊಂಡಳು.

ತಿಂಗಳ ಕಾರ್ಯ ಮುಗಿದ ಮೇಲಿನ ಶನಿವಾರ ಆ ಬೇಸ್‌ಮೆಂಟಿಗೆ ಹೋದೆ. ಶಾಸ್ತ್ರ ಹೇಳಲಿಲ್ಲ. ನಡೆದದ್ದನ್ನು ನಡೆದಂತೆ ಹೇಳಿ, ಅಂದಿನ ನನ್ನ ಹೊಗಳಿಕೆಯನ್ನು ಹಿಂದಕ್ಕೆ ಪಡೆಯುತ್ತೇನೆಂದೆ. ಎಲ್ಲರೂ ಮೆಟ್ಟಿಲು ಹತ್ತಿ ಹೊರಟ ಮೇಲೆ, ಅವಳ ಪಕ್ಕದಲ್ಲಿ ಕೂರುತ್ತಿದ್ದ ಬೆಳಗಾವಿಯ ಹೆಂಗಸು ಹಿಂದೆ ಉಳಿದರು. ಕೈಚೀಲದಿಂದ ಅರ್ಧ ಹೊರತೆಗೆದ ಪಫರನ್ನು ಸೆರಗಿನಲ್ಲಿ ಮರೆಮಾಡಿಕೊಂಡಿದ್ದರು.

"ಅಕ್ಕಾರನ್ನ ನೋಡಿ ನಾನೂ ಏಕಾದಶಿಗೆ ಬಾಯಿ ತೊಳಕೊಳ್ಳೋದು ಬಿಟ್ಟಿದ್ನಿ. ಹಂಗಾದ್ರ ಇನ್ಮ್ಯಾಲೆ ನೀರು ತಗೋಬಹುದೇನ್ರೀ?"

ತೆಗೆದುಕೊಳ್ಳಿ ತಾಯಿ ಎಂದೆ. ದೇವರ ಮುಂದಿದ್ದ ತಂಬಿಗೆಯಲ್ಲಿ ನೀರಿತ್ತು. ಅದನ್ನೇ ಲೋಟಕ್ಕೆ ಬಗ್ಗಿಸಿ ಅವರಿಗೆ ಕೊಟ್ಟೆ.