ಅವಳ ಜಾಗದಲ್ಲಿ ಹಾಡಿದವರು

ಮದುವೆ ಕರೆಯೋಲೆಯ ಕೊನೆಯ ಸಾಲಿನ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ನಾನು ಅದನ್ನು ಹೆಂಡತಿಗೆ ತೋರಿಸಿದೆ. ನಮ್ಮ ತಾಲ್ಲೂಕು ಆಫೀಸಿನ ಗುಮಾಸ್ತರೊಬ್ಬರ ಮಗಳ ಮದುವೆ, ಶಿಡ್ಲಘಟ್ಟದ ಛತ್ರದಲ್ಲಿ. ಚಿಕ್ಕಬಳ್ಳಾಪುರ ಜಿಲ್ಲೆಯಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು ಇದು. ನನ್ನ ಹೆಂಡತಿ ಪ್ರೈಮರಿ ಸ್ಕೂಲಿನಲ್ಲಿ ಟೀಚರು, ಬೆಂಚಿನ ಕೆಳಗೆ ಯಾರು ಏನು ಬಚ್ಚಿಟ್ಟರೂ ಕಂಡುಹಿಡಿಯುವವಳು. ನನ್ನ ಬೆರಳನ್ನು ಎತ್ತಿ ಪಕ್ಕಕ್ಕಿಟ್ಟು ಓದಿದಳು. ಆರತಕ್ಷತೆಯ ಸಂಜೆ ಚಿಂತಾಮಣಿಯವರಿಂದ ವಾದ್ಯಗೋಷ್ಠಿ ಎಂದಿತ್ತು, ಕೆಳಗೆ ತಂಡದ ಹೆಸರಿತ್ತು. ಮದುವೆಗೆ ಮುಂಚೆ ಅವಳು ಹಾಡುತ್ತಿದ್ದ ತಂಡ ಅದೇ.

"ಹೋಗಣ ಕಣ್ರೀ" ಅಂದಳು. ಇಪ್ಪತ್ತಕ್ಕೂ ಹೆಚ್ಚು ವರ್ಷದಲ್ಲಿ ಆ ತಂಡದ ಒಂದು ಪ್ರೋಗ್ರಾಮಿಗೂ ಬಾರದಿದ್ದವಳು ಹಾಗಂದಾಗ ನಾನು ಕರೆಯೋಲೆಯನ್ನು ಮಡಚಿ ಜೇಬಿಗಿಟ್ಟುಕೊಂಡು, ದೂರ ಆಗುತ್ತದೆ ಅಂದೆ. ಅದಕ್ಕೆ ಕಾರಣವಿತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ ಆ ತಂಡವನ್ನು ನೋಡಿದವರು ಯಾರೂ ಮರೆತಿರಲಾರರು. ಒಟ್ಟು ಎಂಟು ಜನ. ತಂಡದವರೆಲ್ಲ ಅಣ್ಣ ಅನ್ನುತ್ತಿದ್ದ ಯಜಮಾನರೇ ಡ್ರಮ್ ಬಾರಿಸುತ್ತಿದ್ದರು. ಹಗಲು ಹೊತ್ತು ಅವರದು ಚಿಂತಾಮಣಿ ಬಸ್‌ಸ್ಟ್ಯಾಂಡಿನ ಹತ್ತಿರ ರೇಡಿಯೊ ರಿಪೇರಿ ಅಂಗಡಿ. ಅದು ಹೇಗೋ ಅವರ ಕೈಗೆ ಒಂದು ಇಂಗ್ಲಿಷ್ ಪತ್ರಿಕೆ ಸಿಕ್ಕಿ, ಅದರಲ್ಲಿ ವಿದೇಶದ ಒಂದು ರಾಕ್ ತಂಡದ ಬಣ್ಣದ ಚಿತ್ರವಿತ್ತಂತೆ. ಗಂಡಸರೇ, ಆದರೆ ತುಟಿಗೆ ಬಣ್ಣ, ಕೆನ್ನೆಗೆ ಮಿನುಗು, ಮೈಮೇಲೆ ಬೆಳ್ಳಿಯ ಕೋಟು, ಕಾಲಿಗೆ ಗೇಣುದ್ದ ಎತ್ತರದ ಬೂಟು. ಚಿತ್ರವನ್ನು ಕತ್ತರಿಸಿ ಟೈಲರ್ ಕೈಗೆ ಕೊಟ್ಟು, ಇದೇ ಥರ ಎಂಟು ಹೊಲಿ ಅಂದರು. ಅವನೂ ಹೊಲಿದುಕೊಟ್ಟ. ಕೋಟಿನ ತುಂಬ ಚಮ್ಕಿ, ಸ್ಟೇಜು ಗುಡಿಸುವಷ್ಟು ಅಗಲದ ಬೆಲ್‌ಬಾಟಂ, ಮರದ ಹಿಮ್ಮಡಿ ಹೊಡೆಸಿ ಬೆಳ್ಳಿ ಬಣ್ಣ ಬಳಿದ ಬೂಟು. ಹೊಗೆ ಬೇಕಲ್ಲ, ಅದಕ್ಕೆ ಸ್ಟೇಜಿನ ಹಿಂದೆ ಎರಡು ಮಡಕೆಯಲ್ಲಿ ಸಾಂಬ್ರಾಣಿ. ಮುಂದಿನ ಸಾಲಿನವರು ಕೆಮ್ಮುತ್ತಲೇ ಚಪ್ಪಾಳೆ ತಟ್ಟುತ್ತಿದ್ದರು. ಇಷ್ಟೆಲ್ಲ ವೇಷ ಹಾಕಿ ಅವರು ನುಡಿಸುತ್ತಿದ್ದುದು ಮಾತ್ರ ನಮ್ಮ ಸಿನಿಮಾ ಹಾಡುಗಳನ್ನೇ, ಎರಡು ಕನ್ನಡಕ್ಕೆ ಒಂದು ತೆಲುಗಿನ ಲೆಕ್ಕದಲ್ಲಿ.

ಆ ಎಂಟು ಜನರಲ್ಲಿ ಹೆಂಗಸು ಇವಳೊಬ್ಬಳೇ. ಬೆಳ್ಳಿ ಬಟ್ಟೆಯ ಗಿಡ್ಡ ಕೋಟು, ಅದರ ಕಾಲರಿಗೆ ತಾನೇ ಕೂತು ಹೊಲಿದ ಚಮ್ಕಿಯ ನಕ್ಷತ್ರಗಳು. ನಾನು ಮೂರನೇ ಸಾಲಿನ ಖಾಯಂ ಗಿರಾಕಿ, 'ಒನ್ಸ್ ಮೋರ್' ಅಂತ ಎಲ್ಲರಿಗಿಂತ ಮೊದಲು ಕೂಗುವವನು. ಕೊನೆಗೆ ಧೈರ್ಯ ಮಾಡಿ ಸೋದರಮಾವನ ಮೂಲಕ ಹೆಣ್ಣು ಕೇಳಿಸಿದೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ನಮ್ಮಮ್ಮ ಏನೂ ಅರಿಯದವರಂತೆ ಒಂದು ದೇವರ ನಾಮ ಹೇಳಮ್ಮ ಅಂದರು. ಅವಳು ಹೇಳಿ ಮುಗಿಸಿದಾಗ ನನ್ನ ಬಾಯಿಂದ ಒನ್ಸ್ ಮೋರ್ ಬಂದೇಬಿಡುತ್ತಿತ್ತು, ಬಾಯಲ್ಲಿ ಬೋಂಡ ಇದ್ದದ್ದರಿಂದ ಮಾನ ಉಳಿಯಿತು.

ಮದುವೆ ಒಂದೇ ತಿಂಗಳಲ್ಲಿ ಗೊತ್ತಾಯಿತು. ತಂಡದವರು ಒಪ್ಪಿಕೊಂಡಿದ್ದ ಗೌರಿಬಿದನೂರಿನ ದೊಡ್ಡ ಪ್ರೋಗ್ರಾಮಿಗೆ ಎಂಟು ದಿನ ಇರುವಾಗ ಅವಳು ಬಿಟ್ಟು ಬಂದಳು. ಮದುವೆಯಾದ ಮೇಲೆ ಹಾಡಬೇಡ ಅಂತ ನಮ್ಮ ಮನೆಯಲ್ಲಿ ಯಾರೂ ಹೇಳಲಿಲ್ಲ. ಹಾಡು ಅಂತಲೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ. ಆಮೇಲೆ ಅವಳಿಗೆ ತೊಂಡೇಬಾವಿ ಕಡೆಯ ಸ್ಕೂಲಿಗೆ ಕೆಲಸವಾಯಿತು, ಮಕ್ಕಳಾದವು, ಹಾಡು ಸ್ಕೂಲ್ ಡೇಗೆ ಮಕ್ಕಳಿಗೆ ಹೇಳಿಕೊಡುವಷ್ಟಕ್ಕೆ ನಿಂತಿತು.

ನಾನು ಮಾತ್ರ ತಂಡವನ್ನು ಬಿಡಲಿಲ್ಲ. ಗೌರಿಬಿದನೂರಿನ ಗಣೇಶನ ಪೆಂಡಾಲಿರಲಿ, ಚಿಂತಾಮಣಿಯ ರಾಜ್ಯೋತ್ಸವವಿರಲಿ, ಹೇಗೋ ರಜ ಹೊಂದಿಸಿ ಹೋಗುತ್ತಿದ್ದೆ. ನನ್ನ ಕಣ್ಣ ಮುಂದೆಯೇ ತಂಡ ಒಬ್ಬೊಬ್ಬರಾಗಿ ಬದಲಾಯಿತು. ಅಕಾರ್ಡಿಯನ್ನಿನವರು ಬ್ಯಾಂಕ್ ಸೇರಿದರು. ಕೊಳಲಿನವರು ದಿನಸಿ ಅಂಗಡಿ ಇಟ್ಟರು. ವಯಲಿನ್ನಿನವರಿಗೆ ಕೈ ನಡುಕ ಬಂತು. ಮೂವರ ಜಾಗದಲ್ಲಿ ಒಂದು ಕೀಬೋರ್ಡ್ ಬಂದು ಕೂತಿತು. ಗಂಡು ದನಿಯ ಜಾಗಕ್ಕೆ ಯಜಮಾನರ ಅಕ್ಕನ ಮಗ ಬಂದ. ಹೊಸ ಶತಮಾನ ಬರುವ ಹೊತ್ತಿಗೆ ಮೊದಲಿನ ಎಂಟು ಜನರಲ್ಲಿ ಉಳಿದವರು ಯಜಮಾನರೊಬ್ಬರೇ. ಕೋಟುಗಳು ಮಾತ್ರ ರಾಜೀನಾಮೆ ಕೊಡಲಿಲ್ಲ. ಹೊಸಬರು ದಪ್ಪಗಿದ್ದರೆ ಹೊಲಿಗೆ ಬಿಚ್ಚಿ, ಸಣ್ಣಗಿದ್ದರೆ ಹಿಡಿದು, ಅವೇ ಕೋಟುಗಳನ್ನು ಹಾಕಿಸುತ್ತಿದ್ದರು.

ನನ್ನ ಹೆಂಡತಿಯ ಜಾಗಕ್ಕೂ ಒಬ್ಬರಾದ ಮೇಲೆ ಒಬ್ಬರು ನಾಲ್ಕು ಜನ ಬಂದರು. ಪ್ರೋಗ್ರಾಮ್ ಮುಗಿಸಿ ಮನೆಗೆ ಬಂದರೆ ಅವಳು ನೀರು ಕೊಟ್ಟು ಹೇಗಿತ್ತು ಅಂತ ಕೇಳುವಳು. ನೀನಿದ್ದಾಗಿನ ಹಾಗಿಲ್ಲ ಬಿಡು ಅನ್ನುವೆ. ಆಮೇಲೆ ಅವಳು ಕೇಳುತ್ತಿದ್ದುದು ಒಂದೇ, ಮೂರನೇ ಹಾಡು ಹೇಗೆ ಬಂತು ಅಂತ. ಮೂರನೇ ಹಾಡು ಯಾವಾಗಲೂ ಅವಳದಾಗಿತ್ತು. ಅದರ ಚರಣದಲ್ಲಿ ಒಂದು ಉದ್ದನೆಯ ಸಾಲು ಒಂದೇ ಉಸಿರಲ್ಲಿ ಮೇಲಕ್ಕೆ ಹತ್ತುತ್ತದೆ, ತುದಿಗೆ ಮುಟ್ಟುವಾಗ ಯಜಮಾನರು ಡ್ರಮ್ಮಿನ ಮೇಲೆ ಗುಡುಗು ಗುಡುಗಿಸುವರು, ನಾನು ಒನ್ಸ್ ಮೋರ್ ಕೂಗುವೆ. ಅದನ್ನಂತೂ ಕೇಳಲೇಬೇಡ, ತಗಡು ಎಳೆದ ಹಾಗಿತ್ತು ಅಂತ ಹೇಳಿಬಿಡುತ್ತಿದ್ದೆ. ಅವಳು ಸುಮ್ಮನೆ ಅಡುಗೆಮನೆಗೆ ಹೋಗುವಳು. ಆ ಮೌನವನ್ನು ನಾನು ಸಮಾಧಾನ ಅಂದುಕೊಂಡಿದ್ದೆ.

ಹೇಳಿದ್ದೆಲ್ಲ ಸುಳ್ಳು. ಮೊದಲು ಬಂದಾಕೆ ಒಬ್ಬ ನರ್ಸು, ಅವಳು ಹಾಡಿದರೆ ಪೆಂಡಾಲಿನಲ್ಲಿ ಕಡಲೆಕಾಯಿ ಬಿಡಿಸುವ ಸದ್ದೂ ನಿಲ್ಲುತ್ತಿತ್ತು. ಎರಡನೆಯವಳಿಗೆ ಗೌರಿಬಿದನೂರಿನಲ್ಲಿ ಗಂಟಲು ಕಟ್ಟುವ ತನಕ ಒನ್ಸ್ ಮೋರ್ ಕೂಗಿ, ಮನೆಗೆ ಬಂದು ಅದೇ ಕಟ್ಟಿದ ಗಂಟಲಲ್ಲಿ ಅವಳನ್ನು ಬೈದಿದ್ದೆ. ಈಗಿರುವ ನಾಲ್ಕನೆಯವಳಂತೂ ಎಲ್ಲರನ್ನೂ ಮೀರಿಸಿದವಳು. ಅವಳ ಹಾಡು ಕೇಳಿದರೆ ನನ್ನ ಹೆಂಡತಿ ಕುಗ್ಗಿಹೋಗುತ್ತಾಳೆ ಅನ್ನುವುದೇ ನನಗಿದ್ದ ಭಯ. ಬಿಟ್ಟುಬಂದ ಜಾಗದಲ್ಲಿ ಇನ್ನೊಬ್ಬರು ನಮಗಿಂತ ಚೆನ್ನಾಗಿ ನಿಂತಿರುವುದನ್ನು ನೋಡುವುದು ಯಾರಿಗಾದರೂ ಕಷ್ಟವೇ.

ತಪ್ಪಿಸಲು ಸಾಕಷ್ಟು ನೋಡಿದೆ. ಮಂಡಿ ನೋವು ಅಂದೆ, ಬಸ್ಸು ಸಿಗುವುದಿಲ್ಲ ಅಂದೆ. ಅವಳು ರೇಷ್ಮೆ ಸೀರೆಗೆ ಇಸ್ತ್ರಿ ಹಾಕಿ ಮುಗಿಸಿದ್ದಳು. ಶಿಡ್ಲಘಟ್ಟದ ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿ ಹಿಡಿದು ಕೂತಿದ್ದಳು. ಈಗಲೂ ವಾಪಸ್ ಹೋಗಬಹುದು ಅಂದೆ. ಬೇಡ, ತಂಡ ಯಾವ ಸ್ಥಿತಿಗೆ ಬಂದಿದ್ದರೂ ಸರಿ, ಒಂದು ಸಲ ಕಣ್ಣಾರೆ ನೋಡಿಬಿಡಬೇಕು ಅಂದಳು. ಆ ಮಾತಿನ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಛತ್ರದಲ್ಲಿ ನಾವು ಕೂತದ್ದು ಎಡಗಡೆಯ ಕುರ್ಚಿಗಳಲ್ಲಿ. ನಾಚಿಕೆಗೋ ಭಯಕ್ಕೋ ಅವಳು ಕಂಬದ ಮರೆ ಆರಿಸಿಕೊಂಡಳು. ಯಜಮಾನರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಕೂದಲಿಗೆ ಕಪ್ಪು ಬಣ್ಣ, ಕೆನ್ನೆಗೆ ಮಿನುಗು, ಮೈಮೇಲೆ ಅದೇ ಕೋಟು. ಎತ್ತರದ ಬೂಟಿಗೆ ಮಾತ್ರ ಡಾಕ್ಟರು ಬೇಡ ಅಂದಿದ್ದರಂತೆ, ಕ್ಯಾನ್ವಾಸ್ ಶೂಗೆ ಬೆಳ್ಳಿ ಬಣ್ಣ ಬಳಿದುಕೊಂಡಿದ್ದರು. ಹೊಗೆ ಬಿಡುವ ಮೆಷಿನ್ ಬಂದಿದ್ದರೂ ಸಾಂಬ್ರಾಣಿ ಮಡಕೆಯನ್ನು ಬಿಟ್ಟಿರಲಿಲ್ಲ. ಮದುಮಗಳು ಫೋಟೊಗೆ ನಗುವುದೋ ಸೀನುವುದೋ ತಿಳಿಯದೆ ಒದ್ದಾಡುತ್ತಿದ್ದಳು. ಹಾಡುವ ಹುಡುಗಿ ಜೀನ್ಸಿನ ಮೇಲೆ ಬೆಳ್ಳಿಯ ಗಿಡ್ಡ ಕೋಟು ತೊಟ್ಟಿದ್ದಳು. ಹೆಂಡತಿ ಕಂಬದ ಮರೆಯಿಂದ ಬಗ್ಗಿ ನೋಡಿ, ಆ ನಕ್ಷತ್ರ ನಾನು ಹೊಲಿದಿದ್ದು ಅಂದಳು. ಇಪ್ಪತ್ತೈದು ವರ್ಷ ಮೀರಿದ ದಾರ ಇನ್ನೂ ಹಿಡಿದುಕೊಂಡಿತ್ತು.

ಎರಡು ಹಾಡು ಮುಗಿದವು. ಹುಡುಗಿ ಚೆನ್ನಾಗಿ ಹಾಡುತ್ತಾಳೆ ಅನ್ನುವುದು ಆಗಲೇ ಇಡೀ ಛತ್ರಕ್ಕೆ ಗೊತ್ತಾಗಿತ್ತು. ನಾನು ಹೆಂಡತಿಯ ಮುಖ ನೋಡದೆ ಫ್ಯಾನು ನೋಡುತ್ತಿದ್ದೆ. ಆಗ ಯಜಮಾನರು ಮೈಕಿಗೆ ಬಾಗಿದರು. "ನಮ್ ಒನ್ಸ್ ಮೋರ್ ಸಾರ್ ಬಂದವ್ರೆ. ಇಪ್ಪತ್ ವರ್ಷದಿಂದ ನಮ್ ತಂಡಕ್ಕೆ ಯಾವ ಹೊಸ ಹುಡುಗಿ ಬಂದ್ರೂ ಫಸ್ಟ್ ಒನ್ಸ್ ಮೋರ್ ಇವರ್ದೇನೇ. ಒಂದ್ ಚಪ್ಪಾಳೆ ಕೊಡ್ರಪ್ಪಾ."

ಛತ್ರದವರೆಲ್ಲ ತಿರುಗಿ ಚಪ್ಪಾಳೆ ತಟ್ಟಿದರು. ನಾನು ಎದ್ದು ಕೈ ಮುಗಿದೆ, ಇನ್ನೇನು ಮಾಡುವುದು? ಕೂತ ಮೇಲೆ ಹೆಂಡತಿ ನನ್ನ ಕಡೆ ತಿರುಗಿದಳು. ಸ್ಕೂಲಿನಲ್ಲಿ ಕಾಪಿ ಹೊಡೆದವರನ್ನು ಅವಳು ಹೀಗೇ ನೋಡುತ್ತಿರಬೇಕು.

"ನಾಲ್ಕೂ ಜನಕ್ಕಾ?" ಅಂದಳು.

ನಾಲ್ಕೂ ಜನಕ್ಕೆ ಅಂತ ಒಪ್ಪಿಕೊಂಡೆ. ನಿನಗೆ ನೋವಾಗಬಾರದು ಅಂತ ಹಾಗೆ ಹೇಳುತ್ತಿದ್ದೆ ಅಂದೆ. ಅವಳ ಕಣ್ಣು ತುಂಬಿತು, ಆದರೆ ಮುಖದಲ್ಲಿ ದುಃಖವಿರಲಿಲ್ಲ.

"ಎಂಟು ದಿನ ಇರೋವಾಗ ಕೈ ಕೊಟ್ಟು ಬಂದೋಳು ರೀ ನಾನು. ನೀವು ಪ್ರತಿ ಸಲ ಬಂದು ಚೆನ್ನಾಗಿಲ್ಲ ಅಂದಾಗ್ಲೂ ನನ್ನಿಂದ ಅಣ್ಣನ ತಂಡ ಹಾಳಾಯ್ತು ಅಂದ್ಕೋತಿದ್ದೆ. ತವರಿಗೆ ಹೋದಾಗ ಅವರ ಅಂಗಡಿ ಬೀದೀಲಿ ಕಾಲಿಡ್ತಿರ್ಲಿಲ್ಲ, ಗೊತ್ತಾ ನಿಮಗೆ?"

ಚಿಂತಾಮಣಿಯಲ್ಲಿ ಬಸ್ಸಿಳಿದು ಅವಳು ಸುತ್ತುಬಳಸಿನ ಓಣಿ ಹಿಡಿಯುವುದನ್ನು ಇಷ್ಟು ವರ್ಷ ನೋಡಿದ್ದೆ. ಬಸ್‌ಸ್ಟ್ಯಾಂಡಿನ ಗಲೀಜು ತಪ್ಪಿಸಲು ಅಂದುಕೊಂಡು ಚೀಲ ಹೊತ್ತು ಹಿಂದೆ ಹೋಗಿದ್ದೆ. ಅವಳನ್ನು ಖುಷಿಪಡಿಸಲು ಹೇಳಿದ ಮಾತೇ ಅವಳ ತಲೆಯ ಮೇಲೆ ಕಲ್ಲಾಗಿ ಕೂತಿತ್ತು. ನನ್ನಂಥ ದಡ್ಡ ಇನ್ನೊಬ್ಬನಿಲ್ಲ ಅನ್ನಿಸಿ ನಾಚಿಕೆಯಾಯಿತು. ತಪ್ಪಾಯಿತು ಅಂದೆ. ಸುಮ್ಮನಿರಿ, ಮೂರನೇ ಹಾಡು ಶುರುವಾಯಿತು ಅಂದಳು.

ಅದೇ ಹಾಡು. ಹುಡುಗಿ ಚರಣಕ್ಕೆ ಬಂದಳು, ಆ ಉದ್ದನೆಯ ಸಾಲನ್ನು ಹಿಡಿದು ಆರಾಮವಾಗಿ ಮೇಲಕ್ಕೆ ಹತ್ತಿದಳು. ತುದಿಗೆ ಮುಟ್ಟಿದಾಗ ಡ್ರಮ್ಮಿನ ಗುಡುಗು ಬರಲಿಲ್ಲ. ಯಜಮಾನರು ಕಡ್ಡಿಗಳನ್ನು ತೊಡೆಯ ಮೇಲಿಟ್ಟುಕೊಂಡು ತಲೆದೂಗುತ್ತಿದ್ದರು. ಆ ಸ್ವರ ಒಂಟಿಯಾಗಿ, ತುಂಬಿಕೊಂಡು ನಿಂತು ಮೆಲ್ಲಗೆ ಇಳಿಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಿಂದ ಒಂದು ದನಿ ಕಂಚಿನ ಹಾಗೆ ಮೊಳಗಿತು.

"ಒನ್ಸ್ ಮೋರ್!"

ನನ್ನ ಹೆಂಡತಿ ಕಂಬದ ಮರೆ ಬಿಟ್ಟು ಎದ್ದು ನಿಂತಿದ್ದಳು. ಯಜಮಾನರು ಕಣ್ಣು ಕಿರಿದು ಮಾಡಿ ನೋಡಿದರು. ದನಿಯ ಗುರುತು ಹತ್ತಿತೋ ಏನೋ, ಆ ವಯಸ್ಸಿನಲ್ಲೂ ಡ್ರಮ್ಮಿನ ಹಿಂದಿನಿಂದ ಎದ್ದುಬಿಟ್ಟರು. ಹಾಡು ಮತ್ತೊಮ್ಮೆ ಆಯಿತು. ಊಟದ ಬಿಡುವಿನಲ್ಲಿ ಯಜಮಾನರು ಚಮ್ಕಿ ಕೋಟಿನಲ್ಲೇ ನಮ್ಮ ಎಲೆಯ ಮುಂದೆ ಬಂದು ನಿಂತು, "ಏಮ್ಮಾ, ಇಷ್ಟ್ ದಿನ ಬೇಕಾಯ್ತಾ?" ಅಂದರು. ಅಷ್ಟೇ ಕೇಳಿದ್ದು. ಬಿಟ್ಟುಹೋದ ಮಾತು ಎತ್ತಲೇ ಇಲ್ಲ, ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿದರು. ಹಾಡುವ ಹುಡುಗಿಯ ಕಾಲರಿನಲ್ಲಿ ಒಂದು ನಕ್ಷತ್ರ ಸಡಿಲವಾಗಿತ್ತು. ನನ್ನ ಹೆಂಡತಿ ತನ್ನ ಸೆರಗಿನ ಪಿನ್ನು ತೆಗೆದು ಅದನ್ನು ಸಿಕ್ಕಿಸಿಕೊಟ್ಟಳು.

ಎಂಟು ಗಂಟೆಯ ಬಸ್ಸಿನಲ್ಲಿ ಸೀಟು ಸಿಕ್ಕಿತು. ಶಿಡ್ಲಘಟ್ಟ ದಾಟಿದ ಮೇಲೆ ಅವಳು ನನ್ನ ಕಡೆ ವಾಲಿ ಕೇಳಿದಳು. "ಈಗ ನಿಜ ಹೇಳಿ. ನಾನು ಹೆಂಗೆ ಹಾಡ್ತಿದ್ದೆ?"

ಇನ್ನೊಂದು ಸುಳ್ಳು ಹೇಳುವ ಧೈರ್ಯ ನನಗೆ ಉಳಿದಿರಲಿಲ್ಲ. ನೀನು ಚೆನ್ನಾಗಿಯೇ ಹಾಡುತ್ತಿದ್ದೆ, ಆದರೆ ಆ ಉದ್ದನೆಯ ಸಾಲಿನ ಕೊನೆ ಒಂದು ದಿನವೂ ಸರಿಯಾಗಿ ಕೇಳಿಸಿದ್ದಿಲ್ಲ, ಯಜಮಾನರು ಉತ್ಸಾಹದಲ್ಲಿ ಡ್ರಮ್ ಬಾರಿಸಿಬಿಡುತ್ತಿದ್ದರು ಅಂದೆ.

ಅವಳು ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕಳು. ಮುಂದಿನ ಸೀಟಿನವರು ತಿರುಗಿ ನೋಡಿದರು.

"ಉತ್ಸಾಹ ಅಲ್ಲ ಕಣ್ರೀ. ಅಲ್ಲಿ ನಂಗೆ ಉಸಿರು ಸಾಲ್ತಿರ್ಲಿಲ್ಲ. ಅದು ಜನಕ್ಕೆ ಗೊತ್ತಾಗ್ಬಾರದು ಅಂತ ಅಣ್ಣ ಬಾರಿಸ್ತಿದ್ರು. ನೀವು ನೋಡಿದ್ರೆ ಅಲ್ಲೇ ಒನ್ಸ್ ಮೋರ್ ಅಂತಿದ್ರಿ. ನಂಗೆ ಎರಡನೇ ಸಲ ಉಸಿರು ಕಟ್ಟೋದು."

ಸ್ವಲ್ಪ ಹೊತ್ತು ಇಬ್ಬರೂ ನಕ್ಕೆವು. ಆಮೇಲೆ ಅವಳು ಕಿಟಕಿಯ ಕಡೆ ತಿರುಗಿ ಆ ಸಾಲನ್ನು ಮೆಲ್ಲಗೆ ಹಾಡಿಕೊಂಡಳು. ಅರ್ಧದಲ್ಲಿ ನಿಂತು, ಯಾರಿಂದಲೂ ಮುಚ್ಚಿಡದೆ ಒಂದು ಉಸಿರು ತೆಗೆದುಕೊಂಡು, ಕೊನೆಯವರೆಗೂ ಹೋದಳು. ಅಷ್ಟು ವರ್ಷದಲ್ಲಿ ಆ ಸಾಲಿನ ಕೊನೆ ಅವಳ ದನಿಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಒನ್ಸ್ ಮೋರ್ ಅನ್ನಬೇಕು ಅನ್ನಿಸಿತು. ಅನ್ನಲಿಲ್ಲ, ಅವಳು ಆರಾಮವಾಗಿ ಉಸಿರಾಡಲಿ ಅಂತ ಸುಮ್ಮನೆ ಕೂತೆ.